ಮೈಕು ಕೆಟ್ಟ ದಿನ

ಮೂಗಿನಿಂದ ತೂರಿಸಿದ ತೆಳ್ಳನೆಯ ಕೊಳವೆ ಗಂಟಲಿನ ತನಕ ಇಳಿದಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಅಂಥ ಹೊತ್ತಿನಲ್ಲಿ ಡಾಕ್ಟರು ಕೇಳಿದರು, "ಈ ಸಲ ನಮ್ಮ ತಂಡ ಹೇಗೆ, ಗೆಲ್ತೀವಾ?" ಅವನು ಬಾಯಿ ತೆರೆಯಹೋದ. "ಮಾತಾಡ್ಬೇಡಿ, ಮಾತಾಡ್ಬೇಡಿ," ಎಂದು ಅವರೇ ಗದರಿದರು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಅವನ ಪರವಾಗಿ, "ಗೆಲ್ತಾರೆ ಡಾಕ್ಟ್ರೇ, ಈ ಸಲ ಹುಡುಗರು ಚೆನ್ನಾಗಿದ್ದಾರೆ," ಎಂದಳು. ಹುಡುಗರು ಚೆನ್ನಾಗಿದ್ದಾರೆ. ಅದು ಅವನದೇ ಮಾತು. ದಿನಾ ಊಟಕ್ಕೆ ಕೂತಾಗ ಹೇಳುತ್ತಿದ್ದದ್ದು, ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಲಿಫ್ಟಿನಲ್ಲಿ ಯಾರು ಹಿಡಿದು ನಿಲ್ಲಿಸಿ ಕೇಳಿದರೂ ಹೇಳುತ್ತಿದ್ದದ್ದು. ಅವಳ ಬಾಯಲ್ಲಿ ಕೇಳಿದಾಗಲೇ ಆ ಮಾತಿನೊಳಗೆ ತಾನು ಇಲ್ಲ ಎಂಬುದು ಮೊದಲ ಸಲ ಗಮನಕ್ಕೆ ಬಂತು.

ಪರದೆಯ ಮೇಲೆ ಅವನ ದನಿಯ ಚಿತ್ರ ಮೂಡಿತ್ತು. ಬಿಳಿಚಿಕೊಂಡ ಎರಡು ತೆಳು ಮಡಿಕೆ, ಅವುಗಳ ಅಂಚಿನಲ್ಲಿ ಎದುರುಬದುರಾಗಿ ಎರಡು ಪುಟ್ಟ ಗಂಟು. ಇಷ್ಟೇನಾ, ಎನ್ನಿಸಿತು ಅವನಿಗೆ. ಹದಿನಾಲ್ಕು ವರ್ಷ ಒಂದು ದೇಶದ ಫುಟ್‌ಬಾಲ್ ತಂಡದ ಗೋಲು ಕಾದದ್ದು ಈ ಚೂರು ಮಾಂಸವೇ? ಅವನಿಗಿಂತ ಎತ್ತರದ ಕೀಪರ್‌ಗಳಿದ್ದರು, ಅವನಿಗಿಂತ ಚುರುಕಾಗಿ ಹಾರುವವರಿದ್ದರು. ಅವನಿಗಿದ್ದದ್ದು ಬಾಯಿ. ಆ ತುದಿಯ ಗೋಲಿನ ಹಿಂದೆ ಕೂತವರಿಗೂ ಕೇಳುವ ಬಾಯಿ. ಅದಕ್ಕೇ ಊರೆಲ್ಲ ಅವನನ್ನು ಮೈಕು ಎನ್ನುತ್ತಿತ್ತು, ತಂಡದ ಹುಡುಗರು ಮೈಕಣ್ಣ ಎನ್ನುತ್ತಿದ್ದರು, ಹೆಂಡತಿಯ ತಂಗಿಯ ಮಕ್ಕಳು ಕೂಡ ಮೈಕು ದೊಡ್ಡಪ್ಪ ಎಂದೇ ಕರೆಯುತ್ತಿದ್ದವು. "ಕೆಟ್ಟ ಗಂಟಲ್ಲ, ಹೆದರ್ಬೇಡಿ," ಎಂದರು ಡಾಕ್ಟರು, ಕೊಳವೆಯನ್ನು ಹೊರಗೆಳೆಯುತ್ತ. "ಹಾಡೋರಿಗೆ, ಪಾಠ ಮಾಡೋರಿಗೆ ಬರುತ್ತೆ. ಆದ್ರೆ ನಿಮ್ಮದ್ರಲ್ಲಿ ರಕ್ತ ಕಟ್ಟಿದೆ. ಆಪರೇಷನ್ ಮಾಡಿ ತೆಗೀಬೇಕು. ಆಮೇಲೆ ಮೂರು ತಿಂಗಳು ಕೂಗೋ ಹಾಗಿಲ್ಲ." ವಿಶ್ವಕಪ್ಪಿನ ಅರ್ಹತಾ ಪಂದ್ಯಗಳು ಶುರುವಾಗುವುದು ಮುಂದಿನ ತಿಂಗಳು. ಅದು ಡಾಕ್ಟರಿಗೂ ಗೊತ್ತಿತ್ತು, ಯಾರಿಗೆ ಗೊತ್ತಿಲ್ಲ? "ಇನ್ನೊಂದು ದಾರಿ ಇದೆ. ಇಂಜೆಕ್ಷನ್ ಕೊಡ್ತೀನಿ, ಪಂದ್ಯ ಮುಗಿಯೋ ತನಕ ಹೇಗೋ ತಳ್ಳಬಹುದು. ಆದ್ರೆ ಆಮೇಲೆ ದನಿ ಇರುತ್ತೆ ಅಂತ ನಾನು ಹೇಳೋಲ್ಲ." "ಇಂಜೆಕ್ಷನ್ ಬೇಡ," ಎಂದಳು ಹೆಂಡತಿ. ಡಾಕ್ಟರು ಅವನ ಮುಖವನ್ನೇ ನೋಡುತ್ತಿದ್ದರು. "ಸಂಜೆ ಒಳಗೆ ಯೋಚನೆ ಮಾಡಿ ಹೇಳಿ. ಅಲ್ಲಿ ತನಕ ಒಂದಕ್ಷರ ಆಡ್ಬೇಡಿ. ಪಿಸುಮಾತೂ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು."

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಕ್ರೀಡಾಂಗಣದ ಕಡೆಗೆ ಹೋಗುವ ಬೀದಿಯಲ್ಲಿ ಇಬ್ಬರೂ ನಡೆದರು. ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವವಳು, ಅರ್ಧ ದಿನ ರಜೆ ಹಾಕಿ ಬಂದಿದ್ದಳು. "ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮಾತು ಪೂರ್ತಿ ಕೇಳೋ ಯೋಗ ಬಂತು ನಿಮಗೆ," ಎಂದು ನಕ್ಕಳು. ಆಮೇಲೆ ನಗು ಬಿಟ್ಟು, "ಇವತ್ತೇ ನಿಮ್ಮ ಕೋಚ್ ಮೇಷ್ಟ್ರಿಗೆ ಹೇಳಿಬಿಡಿ. ಬಾಯಲ್ಲಿ ಆಗದಿದ್ರೆ ನಾನೇ ಒಳಗೆ ಬಂದು ಹೇಳ್ತೀನಿ," ಎಂದಳು. ಅವನು ಬೇಡ ಎಂದು ಕೈಯಾಡಿಸಿದ, ತಾನೇ ಹೇಳುತ್ತೇನೆ ಎಂಬಂತೆ ಎದೆ ಮುಟ್ಟಿಕೊಂಡ. ಮಾತು ನಿಂತ ಮೇಲೆ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ಅವನಿಗೇ ಆಶ್ಚರ್ಯವಾಯಿತು. ದನಿ ನಡುಗುವ ಗೊಡವೆಯೇ ಇಲ್ಲ. ಎದುರಿಗೆ ಸೈಕಲ್ಲಿನ ಮೇಲೆ ಬಂದವನೊಬ್ಬ ಗುರುತು ಹಿಡಿದು, "ಏನು ಮೈಕಣ್ಣ, ಈ ಸಲ ಆದ್ರೂ ಮರ್ಯಾದೆ ಉಳಿಸ್ತೀರಾ?" ಎಂದು ಕೂಗಿ ಉತ್ತರಕ್ಕೂ ಕಾಯದೆ ಹೋದ. ಉಳಿಸುತ್ತೇವೆ ಕಣಯ್ಯಾ, ಎಂದು ಒಳಗೊಳಗೇ ಹೇಳಿದ. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅವನು ತಂಡಕ್ಕೆ ಬಂದ ಕಾಲದಲ್ಲಿ ಎದುರಾಳಿಗಳು ಮೊದಲರ್ಧದಲ್ಲೇ ಪಂದ್ಯ ಮುಗಿಸಿ ಎರಡನೆಯ ಅರ್ಧದಲ್ಲಿ ತಮ್ಮ ಬದಲಿ ಆಟಗಾರರನ್ನು ಗಾಳಿಗೆ ಬಿಡುತ್ತಿದ್ದರು. ಸೋತು ಬರುವ ವಿಮಾನದಲ್ಲಿ ತಂಡದವರು ಜಾಕೆಟ್ ತಿರುವಿ ಹಾಕಿಕೊಂಡು ಕೂರುತ್ತಿದ್ದರು, ಯಾರೂ ಗುರುತು ಹಿಡಿಯಬಾರದೆಂದು. ಈಗ ಬಂದಿರುವ ಹುಡುಗರಿಗೆ ಆ ನಾಚಿಕೆಯ ಪರಿಚಯವೇ ಇಲ್ಲ. ಎಡಗಡೆ ಓಡುವವನು ಚೆಂಡು ಹಿಡಿದನೆಂದರೆ ಹಿಂದಿರುಗಿ ನೋಡುವುದಿಲ್ಲ, ಗೋಲು ಹೊಡೆಯಬೇಕಾದ ಮುಂದಾಳು ಎರಡು ಕಾಲಲ್ಲೂ ಹೊಡೆಯುತ್ತಾನೆ. ಹಿಂದೆ, ರಕ್ಷಣೆಯ ನಡುವೆ ನಿಲ್ಲುವ, ಬಾಯಿ ಬಿಡದ್ದಕ್ಕೆ ಎಲ್ಲರೂ ಮೌನಿ ಎನ್ನುವ ಹುಡುಗನಿಗಂತೂ ಇನ್ನೂ ಇಪ್ಪತ್ತೆರಡು ವಯಸ್ಸು, ಹತ್ತು ವರ್ಷ ಆಡುತ್ತಾನೆ. ಈ ಸಲವಲ್ಲದಿದ್ದರೆ ಮುಂದಿನ ಸಲ ವಿಶ್ವಕಪ್ಪಿಗೆ ಹೋಗುವುದು ಖಂಡಿತ. ಆದರೆ ಈ ಸಲವೇ ಯಾಕಾಗಬಾರದು, ತಾನು ಇರುವಾಗಲೇ ಯಾಕಾಗಬಾರದು? ಕ್ರೀಡಾಂಗಣದ ಗೇಟಿನ ಹತ್ತಿರ ಹೆಂಡತಿ ಅವನ ಕಾಲರ್ ಸರಿಮಾಡಿದಳು. "ಹೇಳಿ ಬನ್ನಿ. ಸಾಯಂಕಾಲ ಇಲ್ಲೇ ಇರ್ತೀನಿ," ಎಂದಳು. ಅವನು ತಲೆಯಾಡಿಸಿ ಒಳಗೆ ಹೋದ.

ಊಟದ ಮನೆಯನ್ನು ದಾಟಿಯೇ ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು. ಬಾಗಿಲು ಮುಚ್ಚಿತ್ತು, ಆದರೂ ಅವನ ಕಾಲು ಅಲ್ಲಿ ತಡೆಯಿತು. ನಿನ್ನೆ ಮಧ್ಯಾಹ್ನ ಇದೇ ಬಾಗಿಲಿನ ಈಚೆ ನಿಂತು ಅವನು ತನ್ನ ದನಿಯನ್ನೇ ಕೇಳಿದ್ದ. "ಲೋ ಎಡಗಡೆ, ನಿದ್ದೆ ಮಾಡ್ತಿದೀಯಾ, ಹಾಸಿಗೆ ತರಿಸ್ಲಾ? ಮುಂದೆ, ಮುಂದೆ, ಮುಂದೆ ಹೋಗ್ರೋ." ಕೊನೆಯ ಅಕ್ಷರವನ್ನು ಎಳೆದು ಒಡೆಯುವ ರೀತಿ, ನಡುವೆ ಮೂಗಿನಲ್ಲಿ ಎಳೆದುಕೊಳ್ಳುವ ಉಸಿರು, ಎಲ್ಲ ಅವನದೇ. ಒಳಗೆ ತಟ್ಟೆ ಬಡಿದು ನಗುತ್ತಿದ್ದರು. ಗಾಜಿನ ಸಂದಿಯಲ್ಲಿ ನೋಡಿದರೆ ಮೇಜಿನ ಮುಂದೆ ಎರಡು ಕೈಯನ್ನೂ ಅಗಲಿಸಿ ನಿಂತಿದ್ದವನು ಮೌನಿ. ಮೈದಾನದಲ್ಲಿ ಬಾಯಿ ಬಿಚ್ಚದ, ಬಸ್ಸಿನಲ್ಲಿ ಕಿಟಕಿಗೆ ಹಣೆಯೊತ್ತಿ ಕೂರುವ, ಕೇಳಿದ್ದಕ್ಕೆ ಹೂಂ ಉಹೂಂ ಎನ್ನುವ ಮೌನಿ. ಅಷ್ಟು ವರ್ಷ ತಾನು ಹೇಗೆ ಕಾಣುತ್ತೇನೆಂದು ಕನ್ನಡಿಯಲ್ಲಿ ನೋಡಿಕೊಂಡವನಿಗೆ ಹೇಗೆ ಕೇಳುತ್ತೇನೆಂಬುದು ಗೊತ್ತಿರಲಿಲ್ಲ. ಹೀಗಾ? ಇಷ್ಟು ಜಗಳಗಂಟನ ಹಾಗಾ? ಅವನು ಒಳಗೆ ಹೋಗಿ ಎಲ್ಲರ ಜೊತೆ ನಕ್ಕುಬಿಡಬಹುದಿತ್ತು. ದೊಡ್ಡವನಾದವನು ಮಾಡುವುದು ಅದನ್ನೇ. ಮಾಡಲಾಗಲಿಲ್ಲ. ಹಿಂದಕ್ಕೆ ತಿರುಗಿ, ಊಟ ಬಿಟ್ಟು, ಒಬ್ಬನೇ ಹೋಗಿ ಮೈದಾನದ ಮೂಲೆಯಲ್ಲಿ ಕೂತ. ಹೊಟ್ಟೆ ಚುರುಗುಟ್ಟಿದ್ದಕ್ಕಿಂತ ಅದು ಎಷ್ಟು ಸರಿಯಾಗಿ ತನ್ನ ಹಾಗೇ ಇತ್ತು ಎಂಬುದು ನೋಯಿಸಿತು. ಮಧ್ಯಾಹ್ನದ ಅಭ್ಯಾಸದಲ್ಲಿ ಎಂದಿಗಿಂತ ಎರಡರಷ್ಟು ಕೂಗಿದ. ಬೆಳಿಗ್ಗೆ ಎದ್ದಾಗ ಗಂಟಲು ಕೈಕೊಟ್ಟಿತ್ತು.

ದನಿ ಬಂದದ್ದು ಅಮ್ಮನಿಂದ. ಅಮ್ಮ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ಇದ್ದವಳು. ಮಗ್ಗಗಳ ಸದ್ದಿಗೆ ಅವಳ ಕಿವಿ ವರ್ಷವರ್ಷಕ್ಕೂ ಮಂದವಾಗುತ್ತ ಹೋಗಿ, ಮನೆಯಲ್ಲಿ ಒಂದು ಲೋಟ ನೀರು ಬೇಕೆಂದರೂ ಅವನು ಕಿರುಚಬೇಕಾಗುತ್ತಿತ್ತು. ಅಕ್ಕಪಕ್ಕದವರು ಈ ಮನೆಯಲ್ಲಿ ದಿನಾ ಜಗಳ ಎಂದುಕೊಂಡಿದ್ದರು. ಆಡಲು ಹೋದ ಕಡೆ ಕೀಪರ್ ಆಗಿ ನಿಲ್ಲಿಸಿದಾಗ ಅವನು ಅಮ್ಮನ ಜೊತೆ ಮಾತಾಡಿದ ಹಾಗೇ ಎಲ್ಲರ ಜೊತೆ ಮಾತಾಡಿದ, ಅಷ್ಟೆ. ಅವನ ಮೊದಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಅಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾಲ್ಕು ಗೋಲು ಬಿಟ್ಟಿದ್ದ. ಮನೆಗೆ ಬಂದವನು ಮುಖ ತೋರಿಸಲಾರದೆ ಗೋಡೆಯ ಕಡೆ ತಿರುಗಿ ಮಲಗಿದ್ದಾಗ ಅವಳು ಬಂದು ಕಾಲ ಬಳಿ ಕೂತು, "ಅಷ್ಟು ಜನದಲ್ಲಿ ನಿನ್ನೊಬ್ಬನ ದನಿ ಕೇಳಿಸ್ತು ಕಣೋ ನನಗೆ, ಪೂರ್ತಿ ಕೇಳಿಸ್ತು," ಎಂದಿದ್ದಳು. ಅವಳು ಹೋಗಿ ಈಗ ವರ್ಷಗಳಾದವು. ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ಕೂತು ಬೆರಳುಗಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ ಅವನಿಗೆ ಅದೇ ನೆನಪಾಗುತ್ತಿತ್ತು. ಮುಂದಿನ ತಿಂಗಳು ಗೋಲಿನಲ್ಲಿ ಇನ್ಯಾರೋ ನಿಂತಿರುತ್ತಾರೆ, ಅಮ್ಮ ಬದುಕಿದ್ದಿದ್ದರೆ ಅವಳಿಗೆ ಇಡೀ ಮೈದಾನವೇ ನಿಶ್ಶಬ್ದವಾಗಿರುತ್ತಿತ್ತು ಎಂಬ ಹುಚ್ಚು ಯೋಚನೆ.

ಅವನು ಮಾತಾಡುತ್ತಿಲ್ಲ ಎಂಬುದನ್ನು ಒಳಗೆ ಯಾರೂ ಗಮನಿಸಲೇ ಇಲ್ಲ. ಅದೂ ಒಂದು ಅವಮಾನವೇ. ಮೈದಾನದ ಹೊರಗೆ ಅವನ ಮಾತಿಗೆ ಅಂಥ ಬೆಲೆ ಇರಲಿಲ್ಲವೆಂದಾಯಿತಲ್ಲ. ಮೌನಿ ಮಾತ್ರ ಒಂದೆರಡು ಸಲ ಇತ್ತ ನೋಡಿ, ಅವನು ನೋಡಿದೊಡನೆ ಬೂಟಿನ ಲೇಸಿಗೆ ಬಗ್ಗಿದ. ಮೇಷ್ಟ್ರು ಬಂದರು. ತಂಡದ ಕೋಚು, ಹಿಂದೊಮ್ಮೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಈಗಲೂ ಬೋರ್ಡಿನ ಮೇಲೆ ಬರೆಯುವಾಗ ಹಿಂದೆ ಯಾರು ಪಿಸುಗುಟ್ಟುತ್ತಿದ್ದಾರೆಂದು ತಿರುಗದೆಯೇ ಹೇಳುತ್ತಾರೆ. "ಇವತ್ತು ಕಿರಿಯರ ತಂಡದ ಮೇಲೆ ಪೂರ್ತಿ ಆಟ," ಎಂದರು. "ಇದು ಮುಗಿದ ಮೇಲೆ ನಾನು ಹೆಸರು ಕೂಗ್ತೀನಿ. ಚೆನ್ನಾಗಿ ಆಡಿದೋರು ಬರ್ತಾರೆ, ಹಳೇ ಮುಖ ಅಂತ ಯಾರನ್ನೂ ಕರ್ಕೊಂಡು ಹೋಗಲ್ಲ." ಹೇಳುವುದಾದರೆ ಈಗ ಹೇಳಬೇಕು. ಅವನು ಎದ್ದು ನಿಂತ. ಎದ್ದು ನಿಂತವನು ಗ್ಲೌಸ್ ಹಾಕಿಕೊಂಡು ಹೊರಗೆ ನಡೆದ. ಮನಸ್ಸಿನಲ್ಲಿ ಒಂದು ಲೆಕ್ಕ ಆಗಲೇ ಕೂತುಬಿಟ್ಟಿತ್ತು. ಬಾಯಿ ಮುಚ್ಚಿಕೊಂಡು ಆಡುವುದು. ಇವನ ಕೂಗಿಲ್ಲದೆ ರಕ್ಷಣೆ ಚೆಲ್ಲಾಪಿಲ್ಲಿಯಾಗುತ್ತದೆ, ಸಂಶಯವೇ ಇಲ್ಲ. ಆಗ ಮೇಷ್ಟ್ರೇ ಬಂದು ಹೇಗಾದರೂ ಮಾಡಪ್ಪಾ, ನೀನಿಲ್ಲದೆ ಆಗಲ್ಲ ಎನ್ನುತ್ತಾರೆ. ಆಗ ಗಂಟಲು ತೋರಿಸಿದರಾಯಿತು, ಇಂಜೆಕ್ಷನ್ ಎಂದರಾಯಿತು. ಹೆಂಡತಿಗೆ ತಂಡದ ಹೆಸರು ಹೇಳಿದರಾಯಿತು. ಎಲ್ಲರ ಮೇಲೂ ಹೊಣೆ ಹಂಚಿಹೋಗುತ್ತದೆ, ಅವನದು ಏನೂ ಉಳಿಯುವುದಿಲ್ಲ. ಹಾಗಂತ ಸ್ಪಷ್ಟವಾಗಿ ಯೋಚಿಸಿದನೆಂದಲ್ಲ, ಯೋಚಿಸದೆ ಇದ್ದದ್ದಕ್ಕೇ ಅದು ಅಷ್ಟು ಚೆನ್ನಾಗಿ ಕೂತಿತ್ತು.

ಗೋಲಿನ ಗೆರೆಯ ಮೇಲೆ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಅವನ ಬೂಟುಗಳೇ ಸವೆಸಿದ ಜಾಗ. ಆಟ ಶುರುವಾದ ಮೇಲೆ ಮೊದಲು ತಿಳಿದದ್ದು, ಈ ಮೈದಾನದಲ್ಲಿ ಇಷ್ಟೊಂದು ಸದ್ದುಗಳಿವೆ ಎಂಬುದು. ಬೂಟು ಹುಲ್ಲನ್ನು ಕೀಳುವ ಸದ್ದು, ಚೆಂಡು ತೊಡೆಗೆ ಬಡಿಯುವ ಸದ್ದು, ಖಾಲಿ ಮೆಟ್ಟಿಲುಗಳ ಮೇಲೆ ಎಲ್ಲೋ ಒಂದು ಬಾಗಿಲು ಹೊಡೆದುಕೊಳ್ಳುವುದು, ಏದುಸಿರು. ಇಷ್ಟು ವರ್ಷ ಅವನ ಕೂಗಿನಡಿಯಲ್ಲಿ ಇವೆಲ್ಲ ಹೂತುಹೋಗಿದ್ದವು. ಎದುರಿನ ಕಿರಿಯರು ಹಸಿದವರಂತೆ ಮುಗಿಬೀಳುತ್ತಿದ್ದರು. ನಮ್ಮ ರಕ್ಷಣೆಯ ನಾಲ್ವರು ಮೊದಲ ಕೆಲವು ನಿಮಿಷ ಅಭ್ಯಾಸಬಲದಿಂದ ಹಿಂದೆ ಮುಂದೆ ಹೋದರು, ಆಮೇಲೆ ಒಬ್ಬೊಬ್ಬರಾಗಿ ಕಾಯಲು ಶುರುಮಾಡಿದರು. ಅದನ್ನು ಬೆನ್ನ ಮೇಲೇ ಕಾಣಬಹುದಿತ್ತು. ಕತ್ತು ತುಸು ಹಿಂದಕ್ಕೆ, ಕಿವಿ ಇತ್ತ. ಕಣ್ಣೆದುರು ಎದುರಾಳಿ ಓಡಿಬರುತ್ತಿದ್ದರೂ ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಇವರನ್ನು ಹೀಗೆ ಮಾಡಿದವನು ನಾನೇ ಅಲ್ಲವೇ, ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಬಲಗಡೆಯಿಂದ ಉದ್ದನೆಯ ಚೆಂಡೊಂದು ಎತ್ತರದಲ್ಲಿ ಬಂತು. ಅವನಿಗೂ ಮೌನಿಗೂ ಸರಿಯಾಗಿ ನಡುವೆ ಬೀಳುವ ಚೆಂಡು. ಇಂಥ ಚೆಂಡಿಗೆ ಕೀಪರ್ ಒಂದೇ ಮಾತು ಕೂಗಬೇಕು, ನಂದು ಎಂದೋ ನಿಂದು ಎಂದೋ. ಮೌನಿ ಕಾದ. ಅವನೂ, ಬಾಯಲ್ಲಿ ಮಾತಿಲ್ಲದೆ ಕಾಲು ಕೀಳುವುದು ಮರೆತವನಂತೆ, ಅರ್ಧ ಹೆಜ್ಜೆ ಇಟ್ಟು ನಿಂತ. ಚೆಂಡು ಇಬ್ಬರ ನಡುವೆ ನೆಲಕ್ಕೆ ಬಿದ್ದು ಪುಟಿಯಿತು. ನೀವು ಮೊದಲು, ಇಲ್ಲ ನೀವು ಮೊದಲು ಎಂದು ಬಾಗಿಲಲ್ಲಿ ನಿಂತ ನೆಂಟರ ಹಾಗೆ ಇಬ್ಬರೂ ಅದನ್ನು ನೋಡುತ್ತಿದ್ದಾಗ ಕಿರಿಯರ ಮುಂದಾಳು ನಡುವೆ ನುಗ್ಗಿ ಹಣೆಯಿಂದ ತಳ್ಳಿದ. ಬಲೆ ಅಲುಗಿತು.

ಆಗ ಅವನಿಗೆ ಸಂತೋಷವಾಯಿತು. ಎಷ್ಟು ಸಂತೋಷವಾಯಿತೆಂದರೆ, ಚೆಂಡು ತೆಗೆಯಲು ಬಲೆಯೊಳಗೆ ಬಗ್ಗಿದವನು ಮುಖ ಸರಿಹೋಗುವ ತನಕ ಏಳಲಿಲ್ಲ. ನೋಡಿದಿರಾ, ನಾನಿಲ್ಲದೆ ನೋಡಿದಿರಾ. ಬೆನ್ನಿಗೇ ನಾಚಿಕೆ ಬಂತು. ಹದಿನಾಲ್ಕು ವರ್ಷ ಒಂದೊಂದು ಗೋಲಿಗೂ ಮೈಯ ಚರ್ಮ ಕಿತ್ತುಬಂದಂತೆ ಸಂಕಟಪಟ್ಟವನು, ನಾಲ್ಕು ಗೋಲು ಬಿಟ್ಟ ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿದವನು, ಇವತ್ತು ಗೋಲು ತಿಂದು ಹಿಗ್ಗುತ್ತಿದ್ದಾನೆ. ಅವನು ಚೆಂಡನ್ನು ನಡುಮೈದಾನಕ್ಕೆ ಒದ್ದ. ಮೌನಿ ಅಲ್ಲೇ ನಿಂತು ಇವನ ಮುಖವನ್ನೇ ನೋಡುತ್ತಿದ್ದ, ಬೈಗುಳಕ್ಕೆ ಕಾಯುವವನಂತೆ. ಬೈಗುಳ ಬಾರದಿದ್ದಾಗ ಅವನ ಮುಖ ಇನ್ನೂ ಚಿಕ್ಕದಾಯಿತು.

ಮಧ್ಯಂತರದಲ್ಲಿ ಎಲ್ಲರೂ ನೀರಿನ ಕ್ಯಾನಿನ ಸುತ್ತ ಸೇರಿದಾಗ ಮೇಷ್ಟ್ರು ಅವನ ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಹೋದರು. ಬಂತು, ಎಂದುಕೊಂಡ. "ಯಾಕೆ ಬಾಯಿ ಬಿಡ್ತಿಲ್ಲ ಅಂತ ನಾನು ಕೇಳಲ್ಲ," ಎಂದರು ಮೇಷ್ಟ್ರು, ದನಿ ತಗ್ಗಿಸಿ. "ನನಗೆ ಅರ್ಥ ಆಯ್ತು. ವರ್ಷದಿಂದ ಇದನ್ನ ನಿನಗೆ ಹೇಳ್ಬೇಕು ಅಂತಿದ್ದೆ ಕಣಯ್ಯಾ. ನೀನು ಕೂಗ್ತಾ ಇರೋ ತನಕ ಈ ಹುಡುಗರು ಕಣ್ಣು ಬಿಡಲ್ಲ. ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ನೀನೇ ತಿಳ್ಕೊಂಡು ಮಾಡಿದೆಯಲ್ಲ, ದೊಡ್ಡತನ ಅಂದ್ರೆ ಇದು." ಹೆಗಲನ್ನು ಎರಡು ಸಲ ತಟ್ಟಿ ಹೋದರು. ಅವನು ನೀರಿನ ಲೋಟ ಹಿಡಿದು ನಿಂತೇ ಇದ್ದ. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಇದಕ್ಕಿಂತ ಮೇಲಾಗಿತ್ತು. ಹಿಂದೆ ಓಡಿಹೋಗಿ, ಮೇಷ್ಟ್ರೇ, ಹಾಗಲ್ಲ, ನನ್ನ ಗಂಟಲು ಕೆಟ್ಟಿದೆ, ಗೋಲು ಬಿದ್ದಾಗ ನನಗೆ ಖುಷಿಯಾಯಿತು ಎಂದು ಹೇಳಬೇಕೆನ್ನಿಸಿತು. ಹೇಳುವುದಕ್ಕೆ ದನಿಯಿಲ್ಲ ಎಂಬ ನೆಪ ಕೈಯಲ್ಲೇ ಇತ್ತು. ಗುಟುಕು ಗುಟುಕಾಗಿ ನೀರು ಕುಡಿದ. ಮಾಡದ ಒಳ್ಳೆಯ ಕೆಲಸಕ್ಕೆ ಬಂದ ಹೊಗಳಿಕೆ ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟ ಎಂದು ಆಗಲೇ ತಿಳಿದದ್ದು. ಆದರೆ ಇಳಿದ ಮೇಲೆ ಅದು ಸುಮ್ಮನೆ ಕೂರಲಿಲ್ಲ. ದೊಡ್ಡತನ ಎಂದರಲ್ಲ, ಅಂಥವನು ನಿಜಕ್ಕೂ ಇದ್ದಿದ್ದರೆ ಈಗ ಏನು ಮಾಡುತ್ತಿದ್ದ ಎಂದು ಯೋಚಿಸುತ್ತ ಅವನು ಆ ತುದಿಯ ಗೋಲಿಗೆ ನಡೆದ.

ಎರಡನೆಯ ಅರ್ಧ ಮೊದಲಿಗಿಂತ ಕೆಟ್ಟದಾಗಿ ಶುರುವಾಯಿತು. ಕಿರಿಯರು ಒಂದರ ಹಿಂದೊಂದು ಬಂದರು. ಅವನು ಒಂದನ್ನು ಬೆರಳ ತುದಿಯಿಂದ ಕಂಬದಾಚೆ ತಳ್ಳಿದ, ಇನ್ನೊಂದನ್ನು ಮೊಣಕಾಲಿಂದ ತಡೆದ. ಮೌನಿ ಆಗಾಗ ಕತ್ತು ತಿರುಗಿಸಿ ಇವನನ್ನು ನೋಡುತ್ತಿದ್ದ, ಮುಖದಲ್ಲಿ ಅಳು ಒಂದು ಬಾಕಿ. ರಕ್ಷಣೆಯ ಸಾಲು ಮತ್ತೆ ಮತ್ತೆ ಹಿಂದೆ ಜಾರಿ ಗೋಲಿನ ಬಾಯಿಗೇ ಬಂದು ನಿಲ್ಲುತ್ತಿತ್ತು, ಮುಂದೆ ತಳ್ಳುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ರಕ್ಷಣೆಯ ಸಾಲಿನ ನಡುವಿನಿಂದ ಅವನಿಗೆ ತನ್ನದೇ ದನಿ ಕೇಳಿಸಿತು. "ಮುಂದೆ, ಮುಂದೆ, ಮುಂದೆ ಹೋಗ್ರೋ." ಅವನು ಗಾಬರಿಯಿಂದ ಬಾಯಿ ಮುಟ್ಟಿಕೊಂಡ. ತುಟಿ ಮುಚ್ಚಿಯೇ ಇತ್ತು. ಕೊನೆಯ ಅಕ್ಷರ ಎಳೆದು ಒಡೆದು, ಮೂಗಿನಲ್ಲಿ ಉಸಿರು ಎಳೆದುಕೊಂಡು, ಮತ್ತೆ, "ಲೋ ಎಡಗಡೆ, ಹಾಸಿಗೆ ತರಿಸ್ಲಾ?" ಕೂಗುತ್ತಿದ್ದವನು ಮೌನಿ. ಬೇರೆ ದನಿ ಅವನಲ್ಲಿರಲಿಲ್ಲ. ತನ್ನದೆಂಬ ದನಿಯಲ್ಲಿ ಯಾರಿಗೂ ಏನೂ ಹೇಳಿ ಗೊತ್ತಿಲ್ಲದವನು, ಗತಿಗೆಟ್ಟು, ಊಟದ ಮನೆಯ ಆಟವನ್ನೇ ಮೈದಾನಕ್ಕೆ ತಂದಿದ್ದ. ಎಡಗಡೆಯವನಿಗೆ ನಗು ತಡೆಯಲಾಗಲಿಲ್ಲ. ಆದರೆ ನಗುತ್ತಲೇ ಅವನ ಕಾಲು ಮುಂದೆ ಓಡಿತು. ವರ್ಷಗಟ್ಟಲೆ ಆ ದನಿಗೆ ಓಡಿ ಪಳಗಿದ ಕಾಲುಗಳು, ಯಾರ ಬಾಯಿಂದ ಬಂತೆಂದು ಅವಕ್ಕೇನು? ನಾಲ್ವರೂ ಒಟ್ಟಿಗೆ ಮುಂದೆ ಸರಿದರು, ಕಿರಿಯರ ಮುಂದಾಳು ಅವರ ಹಿಂದೆ ಒಂಟಿಯಾಗಿ ಉಳಿದ, ಆಫ್‌ಸೈಡ್ ಎಂದು ಸೀಟಿ ಕೇಳಿಸಿತು.

ಗೋಲಿನಲ್ಲಿ ನಿಂತವನ ಕಿವಿ ಬಿಸಿಯಾಗಿತ್ತು. ಅಂಗಿ ಬಿಚ್ಚಿ ಇಟ್ಟಿದ್ದನ್ನು ಇನ್ನೊಬ್ಬ ಹಾಕಿಕೊಂಡು ತಿರುಗುವುದನ್ನು ನೋಡಿದ ಹಾಗೆ. ಆದರೆ ನಿನ್ನೆ ಬಾಗಿಲಾಚೆ ಕೇಳಿದ ಜಗಳಗಂಟನ ದನಿ ಇಲ್ಲಿ, ಅದರ ಜಾಗದಲ್ಲಿ, ಜಗಳಗಂಟನದಾಗಿ ಕೇಳಲಿಲ್ಲ. ಹೀಗಾ ನಾನು? ಪರವಾಗಿಲ್ಲವಲ್ಲ. ಅಣಕಿಸಲಿಕ್ಕೆಂದು ಇಷ್ಟು ಸೂಕ್ಷ್ಮವಾಗಿ ಯಾರು ಕಲಿಯುತ್ತಾರೆ? ಯಾವ ಚೆಂಡಿಗೆ ಯಾವ ಕೂಗು, ಎಷ್ಟು ಮೊದಲು, ಎಷ್ಟು ಜೋರು, ಎಲ್ಲವನ್ನೂ ಆ ಹುಡುಗ ಬಸ್ಸಿನ ಕಿಟಕಿಗೆ ಹಣೆಯೊತ್ತಿ ಕೂತಲ್ಲೇ ತನ್ನೊಳಗೆ ಇಳಿಸಿಕೊಂಡಿದ್ದ. ಹೊತ್ತು ಹೋದಂತೆ ದನಿ ಬದಲಾಯಿತು. ಓಡಿ ಓಡಿ ಏದುಸಿರು ಬಿಡುವವನಿಗೆ ಅಣಕಿಸಲು ಪುರಸೊತ್ತೆಲ್ಲಿ? ಮೂಗಿನ ಉಸಿರು ಮೊದಲು ಬಿಟ್ಟುಹೋಯಿತು, ಆಮೇಲೆ ಕೊನೆಯ ಎಳೆತ. "ಹಾಸಿಗೆ" ಹೋಗಿ "ಅವನನ್ನ ನೋಡ್ಕೋ ಮಾರಾಯ" ಬಂತು. ಕೆಳದನಿಯ, ಒರಟಾದ, ಯಾರೂ ಈ ತನಕ ಕೇಳಿರದ ದನಿಯೊಂದು ಚಿಕ್ಕ ಚಿಕ್ಕ ಮಾತುಗಳಲ್ಲಿ ಬರತೊಡಗಿತು. ಸಾಲು ಅದಕ್ಕೂ ಓಗೊಟ್ಟಿತು. ಅಷ್ಟೇ ಅಲ್ಲ, ಈಗ ಅವರ ಕತ್ತು ಹಿಂದಕ್ಕೆ ವಾಲಿರಲಿಲ್ಲ. ಮುಂದೆ ನೋಡುತ್ತಿದ್ದರು. ಈ ನಡುವೆ ನಮ್ಮ ಮುಂದಾಳು ಎಡಗಾಲಲ್ಲೊಂದು, ಬಲಗಾಲಲ್ಲೊಂದು ಗೋಲು ಹೊಡೆದು ಬಂದ.

ಆಟ ಮುಗಿಯುವ ಹೊತ್ತಿಗೆ ಅದೇ ಚೆಂಡು ಬಂತು. ಬಲಗಡೆಯಿಂದ, ಎತ್ತರದಲ್ಲಿ, ಇಬ್ಬರ ನಡುವೆ. ಕಿರಿಯರ ಮುಂದಾಳು ಮೌನಿಯ ಬೆನ್ನ ಹಿಂದೆ, ಮೌನಿಗೆ ಕಾಣದ ಜಾಗದಲ್ಲಿ ನುಸುಳುತ್ತಿದ್ದುದು ಗೋಲಿನಿಂದ ಮಾತ್ರ ಕಾಣುತ್ತಿತ್ತು. ಅವನ ಬಾಯಿ ತಾನಾಗಿ ತೆರೆಯಿತು. ಒಂದೇ ಒಂದು ಮಾತು. ಹಿಂದೆ ನೋಡು ಎಂದರೆ ಸಾಕು, ಗಂಟು ಒಡೆದು ರಕ್ತ ಬಂದರೂ ಬರಲಿ, ಎಲ್ಲರಿಗೂ ಗೊತ್ತಾಗುತ್ತದೆ, ಕೊನೆಗೆ ಕಾಯ್ದವನು ಯಾರೆಂದು. ಅವನು ಗ್ಲೌಸಿನ ಕೈಯನ್ನು ಬಾಯಿಗೆ ಅಡ್ಡ ಇಟ್ಟ. ಇಟ್ಟವನೇ ಗೆರೆ ಬಿಟ್ಟು ಎರಡು ಹೆಜ್ಜೆ ಓಡಿದ, ಮೌನಿ ತಪ್ಪಿದರೆ ಚೆಂಡಿಗೆ ತನ್ನ ಎದೆ ಇರಲಿ ಎಂದು. ಮೌನಿಯ ಕತ್ತು ತಿರುಗಿತು. ಯಾರೂ ಹೇಳದೆ ತಿರುಗಿತು. ಬೆನ್ನ ಹಿಂದಿನವನನ್ನು ಕಂಡ, ಮುಂದೆ ಬರುತ್ತಿದ್ದ ಕೀಪರನ್ನೂ ಕಂಡ. "ನಂದು," ಎಂದು ಕೂಗಿದ, ತನ್ನದೇ ದನಿಯಲ್ಲಿ. "ಅಣ್ಣಾ, ನೀವು ಇರಿ." ಇವನು ನಿಂತ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಮಾತಿಗೆ ನಿಂತ. ಮೌನಿ ನೆಗೆದು, ಹಣೆಗೆ ಸಿಕ್ಕಿಸಿ, ಚೆಂಡನ್ನು ಗೆರೆಯಾಚೆ ಎತ್ತಿಹಾಕಿದ.

ಸೀಟಿ ಊದಿದ ಮೇಲೆ ಬೇರೆಯವರೆಲ್ಲ ಹುಲ್ಲಿನ ಮೇಲೆ ಬಿದ್ದುಕೊಂಡರೆ ಮೌನಿ ನೇರ ಇವನ ಹತ್ತಿರ ಬಂದ. "ಸಿಟ್ಟಾ ಅಣ್ಣಾ?" ಎಂದ. ಇವನು ಹುಬ್ಬೇರಿಸಿದ. "ನಿನ್ನೆ ಊಟದ ಮನೇಲಿ ನಿಮ್ಮ ಥರ ಮಾಡಿದ್ದು ಗೊತ್ತಾಗಿ ಮಾತು ಬಿಟ್ಟಿದೀರ ಅಂತ ನನಗೆ ಡ್ರೆಸ್ಸಿಂಗ್ ರೂಮಲ್ಲೇ ಅನ್ನಿಸ್ತು. ಮೊದಲ ಗೋಲಿಗೂ ಬೈಲಿಲ್ಲ. ತಮಾಷೆಗೆ ಮಾಡಿದ್ದಲ್ಲ ಅಣ್ಣಾ. ಅಂದ್ರೆ, ತಮಾಷೆಗೇ ಮಾಡಿದ್ದು. ಆದ್ರೆ ಒಬ್ಬನೇ ಇರುವಾಗಲೂ ಮಾಡ್ತೀನಿ, ರೂಮಲ್ಲಿ." ಹುಡುಗನ ಕಣ್ಣು ಒದ್ದೆಯಾಗಿತ್ತು. ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಇಡೀ ಆಟ ಈ ಮೌನವನ್ನು ಮೇಷ್ಟ್ರು ದೊಡ್ಡತನವೆಂದು ತಿಳಿದಿದ್ದರು, ಮೌನಿ ಶಿಕ್ಷೆಯೆಂದು ತಿಳಿದಿದ್ದ. ಪಾಪ, ಎರಡು ಮಡಿಕೆ ಮಾಂಸ ಇಬ್ಬರಿಗೂ ಏನೆಲ್ಲ ಹೇಳಿತ್ತು. ಇವನು ಗ್ಲೌಸ್ ಕಿತ್ತು, ತನ್ನ ಗಂಟಲನ್ನು ತೋರಿಸಿ, ಕತ್ತರಿಯಂತೆ ಎರಡು ಬೆರಳಾಡಿಸಿದ. ಮೌನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮುಖ ಬಿಳಿಚಿಕೊಂಡಿತು. "ಆಪರೇಷನ್ನಾ? ಹಾಗಾದ್ರೆ ಮುಂದಿನ ತಿಂಗಳು?" ಇವನು ಹುಡುಗನ ಎದೆಯ ಮೇಲೆ ಅಂಗೈ ಇಟ್ಟು ಒತ್ತಿದ. ಹಾಗೇ ಅವನನ್ನು ಎಳೆದುಕೊಂಡು ಮೇಷ್ಟ್ರ ಬಳಿಗೆ ಹೋದ. ಮೇಷ್ಟ್ರಿಗೆ ಮೌನಿಯೇ ಹೇಳಿದ, ತೊದಲುತ್ತ, ತನ್ನ ದನಿಯಲ್ಲಿ. ಕೇಳಿ ಮುಗಿಸಿದ ಮೇಷ್ಟ್ರು ಇವನ ಕಡೆ ತಿರುಗಿದರು. "ಹಾಗಾದ್ರೆ ಬೇಕೂಂತ ಮಾಡಿದ್ದಲ್ಲ," ಎಂದರು. ಇವನು ಅಲ್ಲ ಎಂದು ತಲೆಯಾಡಿಸಿದ. ಹಾಗೆ ಆಡಿಸಿದ್ದಕ್ಕೆ ಎದೆಯ ಮೇಲಿನ ಭಾರ ಇಳಿಯಿತು. "ಮೊದಲರ್ಧ ಅಲ್ಲ ಅಂತ ಇಟ್ಕೋ," ಎಂದರು ಮೇಷ್ಟ್ರು. "ಕೊನೇ ಚೆಂಡಿಗೆ ಬಾಯಿಗೆ ಕೈ ಅಡ್ಡ ಇಟ್ಟದ್ದು ನಾನು ನೋಡಿದೀನಿ."

ಗೇಟಿನ ಹತ್ತಿರ ರೇಡಿಯೋದವಳು ಕಾದಿದ್ದಳು. ವರ್ಷಾನುಗಟ್ಟಲೆ ಅವನನ್ನು ಮಾತಾಡಿಸಿದವಳು, ಒಂದು ಕೇಳಿದರೆ ಅವನು ಹತ್ತು ಹೇಳುತ್ತಾನೆಂದು ಬಲ್ಲವಳು. ಅವಳ ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. ಅವನ ಮುಖ ನೋಡಿದೊಡನೆ ಅವಳಿಗೆ ಎಲ್ಲ ತಿಳಿಯಿತು, "ಡಾಕ್ಟರಿಗೆ ಫೋನ್ ಮಾಡ್ಲಾ? ಆಪರೇಷನ್ನೇ ತಾನೆ?" ಎಂದಷ್ಟೇ ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ. ಈ ಸಲ ಅದು ಸುಳ್ಳಾಗಿರಲಿಲ್ಲ. ರೇಡಿಯೋದವಳು ಮೈಕನ್ನು ಅವನ ಬಾಯಿಗೆ ಹಿಡಿದಳು. "ಅರ್ಹತಾ ಪಂದ್ಯ ಹತ್ತಿರ ಬಂತು. ನಮ್ಮ ತಂಡದ ಭವಿಷ್ಯ ಹೇಗಿದೆ, ಒಂದು ಮಾತು ಹೇಳಿ." ಹೆಂಡತಿ ಅವನ ಪರವಾಗಿ ಬಾಯಿ ತೆರೆಯಹೋದಳು. ಅವನು ಅವಳನ್ನು ಕೈಯಿಂದ ತಡೆದ. ಇಳಿಬಿಸಿಲಿನಲ್ಲಿ ಮೈದಾನದ ಆ ಕೊನೆಗೆ ಮೇಷ್ಟ್ರು ರಕ್ಷಣೆಯವರನ್ನು ಮತ್ತೆ ನಿಲ್ಲಿಸಿದ್ದರು, ಗೋಲಿನಲ್ಲಿ ಎರಡನೆಯ ಕೀಪರ್ ನಿಂತಿದ್ದ, ಮತ್ತೆ ಬಲಗಡೆಯಿಂದ ಎತ್ತರದ ಚೆಂಡು ಹಾಕಿಸುತ್ತಿದ್ದರು. ಅವನು ರೇಡಿಯೋದವಳ ಮುಂಗೈ ಹಿಡಿದು, ಮೆಲ್ಲಗೆ, ಮೈಕನ್ನು ತನ್ನ ಬಾಯಿಂದ ಅತ್ತ ತಿರುಗಿಸಿ ಹಿಡಿದ. ಮೊದಲು ಗಾಳಿ ಮಾತ್ರ. ಆಮೇಲೆ ಅಲ್ಲಿಂದ ಕೇಳಿಸಿತು, ಒರಟಾಗಿ, ಅಷ್ಟು ದೂರಕ್ಕೂ ಪೂರ್ತಿ ಕೇಳಿಸಿತು.

"ನಂದು."